ಮೀನಿನ ಮೈಮೇಲೆ ಸಿಗಡಿಯ ನೆಂಟರು



ಕೆರೆಯಿಂದ ಆಗತಾನೆ ಬಲೆ ಎಳೆದು ತೆಗೆದ ರೋಹು ಮೀನೊಂದನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ಓರೆಯಾಗಿ ತಿರುಗಿಸಿ ನೋಡಿ. ಹುರುಪೆಗಳ ಮೇಲೆ ತೊಗರಿ ಬೇಳೆಯಷ್ಟು ಅಗಲದ, ಚಪ್ಪಟೆಯಾದ, ಹೆಚ್ಚುಕಡಿಮೆ ಆರಪಾರ ಕಾಣುವ ಚುಕ್ಕೆಯೊಂದು ಸಿಗಬಹುದು. ಮೊದಲ ನೋಟಕ್ಕೆ ಅದೂ ಒಂದು ಹುರುಪೆ ಅಂತಲೇ ಅನ್ನಿಸುತ್ತದೆ. ಒಂದು ಗಳಿಗೆ ಕಾದರೆ ಅದು ಸರಿದಾಡುತ್ತದೆ. ಉಗುರಿನಿಂದ ತಳ್ಳಿದರೆ ಜಾರಿಕೊಂಡು ಹೋಗಿ ಮತ್ತೊಂದು ಕಡೆ ಕಚ್ಚಿಕೊಳ್ಳುತ್ತದೆ. ನಮ್ಮ ಮೀನು ಸಾಕಣೆದಾರರು ಇದನ್ನು ಮೀನು ಹೇನು ಎನ್ನುತ್ತಾರೆ. ಪುಸ್ತಕದಲ್ಲಿ ಇದರ ಹೆಸರು ಆರ್ಗ್ಯುಲಸ್. ಇದು ಕೀಟವಲ್ಲ, ಹುಳುವೂ ಅಲ್ಲ. ಸಿಗಡಿ, ಏಡಿಗಳು ಸೇರಿರುವ ಕಠಿಣಚರ್ಮಿಗಳ ದೊಡ್ಡ ಕುಲದ ಪ್ರಾಣಿ ಇದು.

ಸಿಗಡಿಯನ್ನು ನಾವು ತಿನ್ನುತ್ತೇವೆ, ಮೀನೂ ತಿನ್ನುತ್ತದೆ. ಅದೇ ಕುಲದ ಕೆಲವು ಜೀವಿಗಳು ಮೀನನ್ನೇ ತಿಂದು ಬದುಕುತ್ತವೆ ಎಂಬುದು ಅನೇಕರಿಗೆ ಹೊಸ ಸಂಗತಿ. ನಮ್ಮಂಥ ಬೆಚ್ಚನೆಯ ನಾಡಿನ ಕೆರೆ, ಹೊಳೆ, ಕೃಷಿಹೊಂಡಗಳಲ್ಲಿ ಇವುಗಳ ಬಾಳು ಬಲು ಜೋರು. ಇವುಗಳಿಂದ ನಷ್ಟ ಅನುಭವಿಸುವ ರೈತರು ನಮ್ಮ ನಡುವೆಯೇ ಇದ್ದಾರೆ. ಹಾಗಿದ್ದೂ ಇವುಗಳ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಮಾತು ಬಂದರೂ ‘ಯಾವ ಔಷಧಿ ಹಾಕಬೇಕು?’ ಎಂಬ ಒಂದೇ ಪ್ರಶ್ನೆಗೆ ಬಂದು ನಿಂತುಬಿಡುತ್ತದೆ. ಔಷಧಿಯ ಮಾತಿಗೆ ಆಮೇಲೆ ಬರೋಣ. ಮೊದಲು ಆ ಜೀವಿಯನ್ನು ನೋಡೋಣ. ನೋಡಿದವರು ಔಷಧಿಯ ಬಾಟಲಿಗೆ ಅಷ್ಟು ಬೇಗ ಕೈ ಹಾಕುವುದಿಲ್ಲ ಎಂಬುದು ನನ್ನ ನಂಬಿಕೆ.

ಸಾಧಾರಣ ಸೂಕ್ಷ್ಮದರ್ಶಕದ ಕೆಳಗೆ ಮೀನು ಹೇನನ್ನು ಇಟ್ಟರೆ ಮೊದಲು ಕಣ್ಣಿಗೆ ಬೀಳುವುದು ಅದರ ಎರಡು ಕಪ್ಪು ಕಣ್ಣುಗಳು. ಅವುಗಳ ಹಿಂದೆಯೇ, ಹೊಟ್ಟೆಯ ಕಡೆಗೆ, ಎರಡು ದುಂಡನೆಯ ಹೀರುಬಟ್ಟಲುಗಳು. ಮೀನು ಎಷ್ಟೇ ವೇಗವಾಗಿ ಈಜಿದರೂ ಹೇನು ಉದುರದಂತೆ ಹಿಡಿದಿಡುವುದು ಇವೇ. ಈ ಬಟ್ಟಲುಗಳು ಹುಟ್ಟಿನಿಂದ ಬಂದವಲ್ಲ. ಮೊಟ್ಟೆಯೊಡೆದು ಹೊರಬಂದ ಮರಿಗೆ ಆ ಜಾಗದಲ್ಲಿ ಇರುವುದು ಕೊಕ್ಕೆಯುಳ್ಳ ಒಂದು ಜೊತೆ ಅಂಗಗಳು. ಬಾಯಿಯ ಪಕ್ಕದ ಈ ಅಂಗಗಳೇ, ಮರಿ ಪೊರೆ ಕಳಚುತ್ತ ಬೆಳೆದಂತೆಲ್ಲ ಅಗಲವಾಗಿ ಬಟ್ಟಲಿನ ಆಕಾರಕ್ಕೆ ತಿರುಗುತ್ತವೆ. ಇದರ ಹತ್ತಿರದ ದಾಯಾದಿ ಡೋಲಾಪ್ಸ್ ಎಂಬ ಇನ್ನೊಂದು ಹೇನಿನಲ್ಲಿ ಈ ಬದಲಾವಣೆ ಆಗುವುದೇ ಇಲ್ಲ, ಸಾಯುವ ತನಕ ಕೊಕ್ಕೆಯೇ. ಡೋಲಾಪ್ಸ್ ಇರುವುದು ದಕ್ಷಿಣ ಅಮೆರಿಕ, ಆಫ್ರಿಕ ಮತ್ತು ಟಾಸ್ಮೇನಿಯಾದ ನೀರುಗಳಲ್ಲಿ. ಒಂದು ಕಾಲಕ್ಕೆ ಕೂಡಿಕೊಂಡಿದ್ದು ಆಮೇಲೆ ದೂರ ಸರಿದ ಭೂಭಾಗಗಳು ಅವು.

ಎರಡು ಕಣ್ಣುಗಳ ನಡುವಿನಿಂದ ಹಿಂದಕ್ಕೆ, ಬಾಯಿಯ ಮುಂದೆ, ಒಂದು ಸಣ್ಣ ಸೂಜಿ ಇದೆ. ಮೀನಿನ ಚರ್ಮಕ್ಕೆ ಇದನ್ನು ಮತ್ತೆ ಮತ್ತೆ ಚುಚ್ಚಿ ಹೇನು ಒಂದು ರಸವನ್ನು ಬಿಡುತ್ತದೆ. ಆ ಜಾಗದ ಚರ್ಮ ಸಡಿಲಗೊಂಡು ರಕ್ತ ಒಸರುತ್ತದೆ. ಒಸರಿದ್ದನ್ನೂ ಮೀನಿನ ಲೋಳೆಯನ್ನೂ ಹೇನು ತಿನ್ನುತ್ತದೆ. ಚುಚ್ಚಿಸಿಕೊಂಡ ಮೀನು ಸುಮ್ಮನಿರುವುದಿಲ್ಲ. ಕೆರೆಯ ದಡಕ್ಕೆ, ನೀರೊಳಗಿನ ಬೊಂಬಿಗೆ, ಕಲ್ಲಿಗೆ ಮೈ ಉಜ್ಜುತ್ತದೆ, ನೀರಿನಿಂದ ಹಾರುತ್ತದೆ, ಮೇವಿನ ಹತ್ತಿರ ಬರುವುದನ್ನು ಬಿಡುತ್ತದೆ. ಮೀನು ಕಳೆದುಕೊಳ್ಳುವ ರಕ್ತ ಅಷ್ಟೇನೂ ದೊಡ್ಡದಲ್ಲ. ದೊಡ್ಡದು ಗಾಯ. ಚುಚ್ಚಿದ ಜಾಗ ಕೆಂಪಾಗಿ ಹುಣ್ಣಾಗುತ್ತದೆ. ನೀರಿನಲ್ಲಿ ಯಾವಾಗಲೂ ಇರುವ ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿಂದ ಒಳನುಗ್ಗುತ್ತದೆ. ಅದರ ಮೇಲೆ ಹತ್ತಿಯಂತೆ ಬೂಸು ಬೆಳೆಯುತ್ತದೆ. ಮೀನು ಸತ್ತಾಗ ಹೆಚ್ಚಿನ ಸಲ ಕೊಂದದ್ದು ಈ ಎರಡನೆಯ ಸೋಂಕು. ಹೇನು ಬಾಗಿಲು ತೆರೆದು ಕೊಟ್ಟಿರುತ್ತದೆ.

ಹೇನು ಇಡೀ ಜೀವಮಾನ ಒಂದೇ ಮೀನಿಗೆ ಅಂಟಿಕೊಂಡಿರುವುದಿಲ್ಲ. ಅದಕ್ಕೆ ನಾಲ್ಕು ಜೊತೆ ಈಜುಗಾಲುಗಳಿವೆ, ಚೆನ್ನಾಗಿ ಈಜುತ್ತದೆ, ಒಂದು ಮೀನನ್ನು ಬಿಟ್ಟು ಇನ್ನೊಂದಕ್ಕೆ ಹೋಗುತ್ತದೆ. ಮೊಟ್ಟೆಯಿಡುವ ಹೊತ್ತಿಗಂತೂ ಹೆಣ್ಣು ಮೀನನ್ನು ಬಿಡಲೇಬೇಕು. ನೀರಿನೊಳಗೆ ಗಟ್ಟಿಯಾದ ಮೇಲ್ಮೈ ಹುಡುಕಿ, ಕಲ್ಲೋ ಮರದ ತುಂಡೋ ಗಿಡದ ಕಾಂಡವೋ, ಅದರ ಮೇಲೆ ಸಾಲುಸಾಲಾಗಿ ನೂರಾರು ಮೊಟ್ಟೆಗಳನ್ನು ಅಂಟಿಸುತ್ತದೆ. ಈ ಒಂದು ಅಭ್ಯಾಸವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಮ್ಮ ಬಿಸಿಲಿಗೆ ಈ ಮೊಟ್ಟೆಗಳು ಎರಡು ಮೂರು ವಾರಗಳಲ್ಲಿ ಒಡೆಯುತ್ತವೆ. ಯೂರೋಪಿನ ಕೊಳಗಳಲ್ಲಿ ಚಳಿಗಾಲ ಬಂತೆಂದರೆ ಹೇನು ಮೊಟ್ಟೆಯಿಡುವುದು ನಿಂತುಹೋಗುತ್ತದೆ, ಇಟ್ಟ ಮೊಟ್ಟೆಗಳು ವಸಂತದವರೆಗೆ ಕಾಯುತ್ತವೆ. ನಮ್ಮ ಕೆರೆಗಳಲ್ಲಿ ಆ ಬಿಡುವು ಇಲ್ಲ. ವರ್ಷವಿಡೀ ತಲೆಮಾರಿನ ಮೇಲೆ ತಲೆಮಾರು. ಉಷ್ಣವಲಯದಲ್ಲಿ ಈ ಜೀವಿಗಳು ಇಷ್ಟೊಂದು ಮುಖ್ಯವಾಗುವುದಕ್ಕೆ ಇದೇ ದೊಡ್ಡ ಕಾರಣ.

ಈ ಹೇನಿನ ವಂಶದ ಬಗ್ಗೆ ಒಂದು ಸಂಗತಿ ನನ್ನನ್ನು ಮೊದಲ ಸಲ ಓದಿದಾಗಿನಿಂದ ಬಿಟ್ಟಿಲ್ಲ. ನಮ್ಮ ಮನೆಯ ಗೋಡೆಯ ಮೇಲಿನ ಹಲ್ಲಿಯ ಶ್ವಾಸಕೋಶದಲ್ಲಿ ರೈಲಿಯೆಟಿಯೆಲ್ಲಾ ಎಂಬ ಪರೋಪಜೀವಿ ಇರುತ್ತದೆ. ಉದ್ದನೆಯ, ಕಾಲಿಲ್ಲದ, ಮೈತುಂಬ ಉಂಗುರಗಳಿರುವ ಪ್ರಾಣಿ. ಹಾವು, ಮೊಸಳೆಗಳ ಉಸಿರಾಟದ ಅಂಗಗಳಲ್ಲೂ ಇದರ ಬಳಗದವರಿದ್ದಾರೆ. ಇವು ಯಾರ ಸಂಬಂಧಿಗಳು ಎಂಬುದು ಬಹಳ ಕಾಲ ಯಾರಿಗೂ ಸ್ಪಷ್ಟವಿರಲಿಲ್ಲ. 1972ರಲ್ಲಿ ಡೆನ್ಮಾರ್ಕಿನ ಪ್ರಾಣಿಶಾಸ್ತ್ರಜ್ಞ ವಿಂಗ್‌ಸ್ಟ್ರಾಂಡ್ ಅವರು ಹಲ್ಲಿಯ ಈ ಪರೋಪಜೀವಿಯ ವೀರ್ಯಾಣುವನ್ನೂ ಮೀನು ಹೇನಿನ ವೀರ್ಯಾಣುವನ್ನೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹೋಲಿಸಿದರು. ಎರಡರ ಒಳರಚನೆಯೂ ವಿವರ ವಿವರದಲ್ಲಿ ತಾಳೆಯಾಯಿತು. ಅನೇಕರು ನಂಬಲಿಲ್ಲ. 1989ರಲ್ಲಿ ಅಮೆರಿಕದ ಸಂಶೋಧಕರು ಎರಡರ ಆರ್‌ಎನ್‌ಎ ಸರಣಿಗಳನ್ನು ಹೋಲಿಸಿದಾಗಲೂ ಅದೇ ಉತ್ತರ ಬಂತು. ಕೆರೆಯ ರೋಹುವಿನ ಮೈಮೇಲೆ ಈಜಾಡುವ ಹೇನಿಗೆ ಅತ್ಯಂತ ಹತ್ತಿರದ ನೆಂಟ ನಮ್ಮ ಅಡುಗೆಮನೆಯ ಹಲ್ಲಿಯ ಎದೆಯೊಳಗಿದ್ದಾನೆ. ಹೊರಗಿನ ರೂಪ ನೋಡಿ ಇದನ್ನು ಊಹಿಸುವುದು ಸಾಧ್ಯವೇ ಇರಲಿಲ್ಲ.

ಪರೋಪಜೀವನ ಒಂದು ದೇಹವನ್ನು ಎಷ್ಟರ ಮಟ್ಟಿಗೆ ಬದಲಿಸಬಲ್ಲದು ಎಂಬುದಕ್ಕೆ ನಮ್ಮ ಕೆರೆಗಳಲ್ಲೇ ಮತ್ತೊಂದು ಸಾಕ್ಷಿ ಇದೆ, ಲಂಗರು ಹುಳು. ಕಾಟ್ಲಾ, ಸಾಮಾನ್ಯ ಗೆಂಡೆ, ಚಿನ್ನದ ಮೀನು ಇವುಗಳ ಹುರುಪೆಯ ಸಂದಿನಿಂದ ಹೊರಕ್ಕೆ ಚಾಚಿಕೊಂಡಿರುವ, ಒಂದೆರಡು ಸೆಂಟಿಮೀಟರ್ ಉದ್ದದ, ಬಿಳಿಚಿದ ಕಡ್ಡಿಯಂಥದ್ದನ್ನು ನೀವು ನೋಡಿರಬಹುದು. ತುದಿಯಲ್ಲಿ ಎರಡು ಸಣ್ಣ ಚೀಲಗಳು ಜೋತಾಡುತ್ತಿರುತ್ತವೆ. ಅವು ಮೊಟ್ಟೆಯ ಚೀಲಗಳು. ಕಡ್ಡಿಯನ್ನು ಕಿತ್ತರೆ ಬರುವುದಿಲ್ಲ. ಒಳಗೆ, ಮೀನಿನ ಮಾಂಸದಲ್ಲಿ, ಅದರ ತಲೆಯಿಂದ ಕವಲೊಡೆದ ಕೊಂಬುಗಳು ಬೇರೂರಿವೆ. ಇದರ ಹೆಸರು ಲೆರ್ನಿಯಾ.

ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಇದಕ್ಕೆ ಹೆಸರಿಟ್ಟಾಗ ಹುಳುಗಳ ಗುಂಪಿಗೆ ಸೇರಿಸಿದ್ದ. ಅವನನ್ನು ದೂರುವಂತಿಲ್ಲ. ಬೆಳೆದ ಲೆರ್ನಿಯಾದಲ್ಲಿ ಕಠಿಣಚರ್ಮಿಯ ಒಂದು ಗುರುತೂ ಮೇಲುನೋಟಕ್ಕೆ ಉಳಿದಿಲ್ಲ. ಕಾಲುಗಳಿವೆ, ಆದರೆ ಅತಿ ಸಣ್ಣವು. ಹುಡುಕಿ ನೋಡಿದವರಿಗೆ ಮಾತ್ರ ಕಾಣುತ್ತವೆ. ಗುಟ್ಟು ಬಯಲಾದದ್ದು ಮರಿಗಳಿಂದ. 1832ರಲ್ಲಿ ಅಲೆಕ್ಸಾಂಡರ್ ಫಾನ್ ನಾರ್ಡ್‌ಮನ್ ಎಂಬ ವಿಜ್ಞಾನಿ ಮೀನುಗಳ ಮೇಲಿನ ಇಂಥ ಪರೋಪಜೀವಿಗಳ ಬೆಳವಣಿಗೆಯನ್ನು ಚಿತ್ರಸಹಿತ ಪ್ರಕಟಿಸಿದ. ಮೊಟ್ಟೆಯೊಡೆದು ಬಂದದ್ದು ಹುಳುವಿನ ಮರಿಯಾಗಿರಲಿಲ್ಲ. ಕೊಳದ ನೀರಿನಲ್ಲಿ ಎಲ್ಲೆಲ್ಲೂ ಸಿಗುವ ಸೈಕ್ಲಾಪ್ಸ್ ಎಂಬ ಪುಟ್ಟ ಕಠಿಣಚರ್ಮಿಯ ಮರಿಗೂ ಇದಕ್ಕೂ ವ್ಯತ್ಯಾಸ ಹೇಳುವುದು ಕಷ್ಟವಾಗಿತ್ತು. ಅದೇ ಮೂರು ಜೊತೆ ಕಾಲು, ಅದೇ ಒಂಟಿ ಕಣ್ಣು.

ಲೆರ್ನಿಯಾದ ಜೀವನ ಸಾಗುವುದು ಹೀಗೆ. ಮರಿ ಕೆಲವು ದಿನ ಸ್ವತಂತ್ರವಾಗಿ ಈಜುತ್ತದೆ. ಆಮೇಲೆ ಅದಕ್ಕೆ ಮೀನು ಬೇಕು. ಸಾಮಾನ್ಯವಾಗಿ ಕಿವಿರುಗಳಿಗೆ ಹೋಗಿ ಸೇರುತ್ತದೆ. ಅಲ್ಲೇ ಪೊರೆ ಕಳಚುತ್ತ ಬೆಳೆದು, ಗಂಡು ಹೆಣ್ಣು ಕೂಡುತ್ತವೆ. ಗಂಡಿನ ಕಥೆ ಅಲ್ಲಿಗೆ ಮುಗಿಯುತ್ತದೆ. ಹೆಣ್ಣು ಮಾತ್ರ ಚರ್ಮವನ್ನು ಕೊರೆದು ಒಳಗೆ ತಲೆ ಹುದುಗಿಸಿ, ತನ್ನ ಮೂಲ ರೂಪವನ್ನೇ ಬಿಟ್ಟುಕೊಡುತ್ತದೆ. ದೇಹ ಉದ್ದವಾಗುತ್ತದೆ, ತಲೆಯಿಂದ ಕೊಂಬುಗಳು ಹೊರಡುತ್ತವೆ. ಈ ಕೊಂಬುಗಳ ಆಕಾರ ಒಂದೇ ರೀತಿ ಇರುವುದಿಲ್ಲ. ದಾರಿಯಲ್ಲಿ ಮೂಳೆ ಸಿಕ್ಕರೆ ಒಂದು ರೀತಿ ಬಾಗುತ್ತವೆ, ಮೆತ್ತನೆಯ ಮಾಂಸವಾದರೆ ಇನ್ನೊಂದು ರೀತಿ ಹರಡುತ್ತವೆ. ಆಫ್ರಿಕದ ಮಹಾ ಸರೋವರಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಬ್ರಿಟಿಷ್ ಜೀವವಿಜ್ಞಾನಿ ಜೆಫ್ರಿ ಫ್ರೈಯರ್ ಅವರು ಇದನ್ನು ಗಮನಿಸಿ, ಕೊಂಬಿನ ಆಕಾರ ಒಂದನ್ನೇ ನೆಚ್ಚಿ ಹೊಸ ಹೊಸ ಪ್ರಭೇದಗಳಿಗೆ ಹೆಸರಿಡುವವರನ್ನು ಎಚ್ಚರಿಸಿದರು. ಇಪ್ಪತ್ತೈದು ಮೂವತ್ತು ಡಿಗ್ರಿ ಬಿಸಿಯ ನೀರಿನಲ್ಲಿ ಮೊಟ್ಟೆಯಿಂದ ಮೊಟ್ಟೆಯವರೆಗಿನ ಈ ಇಡೀ ಸುತ್ತು ಮೂರು ವಾರಗಳ ಆಸುಪಾಸಿನಲ್ಲಿ ಮುಗಿಯುತ್ತದೆ.

ನಮ್ಮ ರಾಜ್ಯದ ಭದ್ರೆಯ ಹೆಸರನ್ನು ಹೊತ್ತ ಒಂದು ಲೆರ್ನಿಯಾ ಇದೆ ಎಂದು ಎಷ್ಟು ಜನರಿಗೆ ಗೊತ್ತು? 1990ರ ದಶಕದಲ್ಲಿ ತಮುಲಿ ಮತ್ತು ಶ್ಯಾನುಭೋಗ ಎಂಬ ಸಂಶೋಧಕರು ಲೆರ್ನಿಯಾ ಭದ್ರಾಯೆನ್ಸಿಸ್ ಎಂಬ ಪ್ರಭೇದವನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಅದನ್ನು ಸಾಕಿ, ಅದರ ಜೀವನಕ್ರಮವನ್ನೂ ಬರೆದಿಟ್ಟರು. ಹುಲಿ, ಆನೆಗಳಿಗೆ ಸಿಗುವ ಗೌರವ ಇಂಥ ಜೀವಿಗಳಿಗೆ ಸಿಗುವುದಿಲ್ಲ. ಆದರೆ ಇಂಥ ಕೆಲಸ ನಡೆದಿಲ್ಲದಿದ್ದರೆ ಮೀನು ರೋಗದ ಬಗ್ಗೆ ನಾನೀಗ ನಿಮ್ಮ ಮುಂದೆ ಆಡುತ್ತಿರುವ ಮಾತಿಗೆ ಆಧಾರವೇ ಇರುತ್ತಿರಲಿಲ್ಲ.

ಬೇರೆ ಬಗೆಗಳೂ ಇವೆ. ಎರ್ಗಸಿಲಸ್ ಎಂಬುದು ಕಿವಿರಿನ ಎಳೆಗಳನ್ನು ಇಕ್ಕಳದಂಥ ಮೀಸೆಗಳಿಂದ ಅಪ್ಪಿ ಹಿಡಿಯುತ್ತದೆ. ಅಲ್ಲೂ ಹೆಣ್ಣು ಮಾತ್ರ ಪರೋಪಜೀವಿ. ಬ್ರೆಜಿಲ್‌ನ ಕರಾವಳಿಯ ಇಟಾಬಪೊಆನಾ ನದಿಯಲ್ಲಿ ರಿಗ್ಗಿಯಾ ಎಂಬ ಇನ್ನೊಂದು ಕಠಿಣಚರ್ಮಿ ಮೀನಿನ ಹೊಟ್ಟೆಯ ಪೊಳ್ಳಿನಲ್ಲೇ ಮನೆ ಮಾಡುತ್ತದೆ. ಅದು ಹೊಕ್ಕ ಮೀನಿನ ಅಂಡಾಶಯ, ವೃಷಣಗಳು ಬೆಳೆಯುವುದೇ ಇಲ್ಲ. ಮೀನು ಬದುಕಿರುತ್ತದೆ, ಅದರ ವಂಶ ಮಾತ್ರ ನಿಲ್ಲುತ್ತದೆ.

ಇಷ್ಟೆಲ್ಲ ಕೇಳಿದಾಗ ನದಿಯ ಮೀನುಗಳೆಲ್ಲ ನರಳುತ್ತಿರಬೇಕು ಅನ್ನಿಸಬಹುದು. ಹಾಗಿಲ್ಲ. ಹರಿಯುವ ಹೊಳೆಯಲ್ಲಿ ಹಿಡಿದ ಹತ್ತು ಮೀನುಗಳಲ್ಲಿ ಅನೇಕವುಗಳ ಮೇಲೆ ಒಂದು ಹೇನೂ ಇರುವುದಿಲ್ಲ, ಒಂದೆರಡರ ಮೇಲೆ ಮಾತ್ರ ಇರುತ್ತವೆ. ಮೊಟ್ಟೆಯಿಂದ ಹೊರಬಂದ ಹೇನಿನ ಮರಿಗೆ ಕೆಲವೇ ದಿನಗಳಲ್ಲಿ ಒಂದು ಮೀನು ಸಿಗಬೇಕು, ಇಲ್ಲವಾದರೆ ಸಾವು. ಅಗಲವಾದ ನೀರಿನಲ್ಲಿ, ಹರಿವಿನಲ್ಲಿ, ಹೆಚ್ಚಿನವುಗಳಿಗೆ ಸಿಗುವುದಿಲ್ಲ. ನೂರಾರು ಮೊಟ್ಟೆಗಳಿಡುವ ಅಗತ್ಯ ಬಂದದ್ದೇ ಇದರಿಂದ. ಆ ಸಂಖ್ಯೆ ನದಿಯ ಲೆಕ್ಕಕ್ಕೆ ಸರಿಹೊಂದಿದ ಸಂಖ್ಯೆ.

ಅದೇ ಪ್ರಾಣಿಯನ್ನು ಸಾಕಣೆ ಕೊಳಕ್ಕೆ ತನ್ನಿ. ಸಾಧಾರಣ ಗೆಂಡೆ ಸಾಕಣೆಯಲ್ಲೇ ಹೆಕ್ಟೇರಿಗೆ ಐದರಿಂದ ಹತ್ತು ಸಾವಿರ ಮರಿಗಳನ್ನು ಬಿಡುತ್ತೇವೆ. ನಿಂತ ನೀರು, ಬೆಚ್ಚಗಿನ ನೀರು, ಎತ್ತ ಈಜಿದರೂ ಮೀನು. ಮರಿಯ ಹುಡುಕಾಟವೇ ಇಲ್ಲವಾಗುತ್ತದೆ. ನದಿಯಲ್ಲಿ ಕೆಲವೇ ಬದುಕುತ್ತಿದ್ದ ಕಡೆ ಇಲ್ಲಿ ಬಹಳಷ್ಟು ಬದುಕುತ್ತವೆ. ಮೂರು ನಾಲ್ಕು ತಲೆಮಾರು ಕಳೆಯುವ ಹೊತ್ತಿಗೆ, ಅಂದರೆ ಕೆಲವೇ ತಿಂಗಳಲ್ಲಿ, ಒಂದೊಂದು ಮೀನಿನ ಮೇಲೂ ಹತ್ತಾರು ಹೇನುಗಳು. ಹೇನು ಅದೇ ಹೇನು. ಬದಲಾದದ್ದು ನಾವು ಕಟ್ಟಿಕೊಟ್ಟ ಮನೆ.

ಈ ಮನೆ ಕಟ್ಟಿದ ಕಥೆಯೂ ನಮ್ಮ ದೇಶದ್ದೇ. ಕಾಟ್ಲಾ, ರೋಹು, ಮೃಗಾಲ್ ಮೂಲತಃ ಉತ್ತರ ಭಾರತದ ನದಿಗಳ ಮೀನುಗಳು. ನಿಂತ ನೀರಿನಲ್ಲಿ ಅವು ಮರಿ ಮಾಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಪಿಟ್ಯೂಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಮೀನುಗಳನ್ನು ಕೊಳದಲ್ಲೇ ಮೊಟ್ಟೆಯಿಡಿಸಿದರು. ಆ ಒಂದು ಸಾಧನೆಯಿಂದ ಮೀನುಮರಿ ದೇಶದ ಮೂಲೆಮೂಲೆಗೆ ಲಾರಿಯಲ್ಲಿ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಹೋಗುವಂತಾಯಿತು. ನಮ್ಮ ಹಳ್ಳಿಗಳ ಕೆರೆಗಳಿಗೂ ಬಂತು. ಲಕ್ಷಾಂತರ ಜನರಿಗೆ ಅಗ್ಗದ ಪೌಷ್ಟಿಕ ಆಹಾರ, ಕೈಗೆ ದುಡ್ಡು. ಇದನ್ನು ನಾನು ಪೂರ್ಣ ಕೃತಜ್ಞತೆಯಿಂದಲೇ ಹೇಳುತ್ತೇನೆ. ಮರಿಯ ಜೊತೆ, ಅದರ ಚೀಲದ ನೀರಿನ ಜೊತೆ, ಹೇನೂ ಲಂಗರು ಹುಳುವೂ ಪ್ರಯಾಣ ಮಾಡಿದವು ಎಂಬುದನ್ನೂ ಹೇಳಲೇಬೇಕು. ಪ್ರಪಂಚದ ಬೇರೆ ಕಡೆಯೂ ಹೀಗೆಯೇ ಆಗಿದೆ. ಚಿನ್ನದ ಮೀನು, ಸಾಮಾನ್ಯ ಗೆಂಡೆಗಳನ್ನು ಒಯ್ದಲ್ಲೆಲ್ಲ ಲೆರ್ನಿಯಾ ಸೈಪ್ರಿನೇಸಿಯಾ ಹಿಂದೆಯೇ ಹೋಯಿತು. ಆಫ್ರಿಕ, ಆಸ್ಟ್ರೇಲಿಯ, ಅಮೆರಿಕ ಖಂಡಗಳ ಸ್ಥಳೀಯ ಮೀನುಗಳ ಮೇಲೂ ಈಗ ಅದು ಇದೆ. ನಮ್ಮಲ್ಲಿ ಆರ್ಗ್ಯುಲಸ್ ಸಯಾಮೆನ್ಸಿಸ್ ಎಂಬ ಹೇನಿನ ಹಾವಳಿ ಹೆಚ್ಚು, ಅದರಲ್ಲೂ ರೋಹುವಿನ ಮೇಲೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಇದರಿಂದ ಗೆಂಡೆ ಸಾಕಣೆಗೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 29,500 ರೂಪಾಯಿ ನಷ್ಟ. ಸಣ್ಣ ರೈತನಿಗೆ ಇದು ಸಣ್ಣ ಮೊತ್ತವಲ್ಲ.

ನಷ್ಟ ಕಂಡ ರೈತ ಔಷಧಿ ಅಂಗಡಿಗೆ ಓಡುತ್ತಾನೆ. ದನಗಳ ಉಣುಗಿಗೆ ಹಾಕುವ, ಹೊಲದ ಬೆಳೆಗೆ ಹೊಡೆಯುವ ಕೀಟನಾಶಕಗಳೇ ಕೊಳಕ್ಕೂ ಬೀಳುತ್ತವೆ. ಹೇನು ಉದುರುತ್ತದೆ, ನಿಜ. ಆದರೆ ಆ ಕೊಳದ ನೀರಿನಲ್ಲಿ ಇನ್ನಾರಿದ್ದಾರೆ ಎಂದು ಒಂದು ಕ್ಷಣ ಯೋಚಿಸಿ. ಒಂದು ಲೋಟ ನೀರನ್ನು ಬಿಸಿಲಿಗೆ ಹಿಡಿದರೆ ಕುಪ್ಪಳಿಸುವ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವಲ್ಲ, ಡಾಫ್ನಿಯಾ, ಮೋಯಿನಾ, ಸೈಕ್ಲಾಪ್ಸ್, ಅವೆಲ್ಲ ಕಠಿಣಚರ್ಮಿಗಳೇ. ಲೆರ್ನಿಯಾಕ್ಕೂ ಸೈಕ್ಲಾಪ್ಸ್‌ಗೂ ಇರುವ ಸಂಬಂಧವನ್ನು ಈಗಷ್ಟೇ ಹೇಳಿದೆ. ಕಾಟ್ಲಾ ಮೀನಿನ ಮುಖ್ಯ ಆಹಾರ ಈ ಪ್ರಾಣಿಪ್ಲವಕಗಳು. ಮೇಲಕ್ಕೆ ತಿರುಗಿದ ಅದರ ಅಗಲ ಬಾಯಿ ಇರುವುದು ಅವುಗಳನ್ನು ನೀರಿನ ಮೇಲ್ಪದರದಿಂದ ಸೋಸಿ ತಿನ್ನಲು. ಹೆಚ್ಚಿನ ಮೀನುಗಳ ಎಳೆಮರಿಗಳೂ ಮೊದಲ ವಾರಗಳಲ್ಲಿ ಬದುಕುವುದು ಬಹುಮಟ್ಟಿಗೆ ಇವುಗಳಿಂದಲೇ. ಹೇನನ್ನು ಕೊಲ್ಲುವ ವಿಷ ಹೇನಿನ ಈ ನಿರುಪದ್ರವಿ ಬಂಧುಗಳನ್ನು ಬಿಡುವುದಿಲ್ಲ. ಮೀನಿನ ಮೈ ತೊಳೆಯಹೋಗಿ ಮೀನಿನ ಅನ್ನಕ್ಕೇ ವಿಷ ಹಾಕಿದಂತಾಗುತ್ತದೆ. ಪ್ರಮಾಣ ತುಸು ಹೆಚ್ಚಾದರೆ ಮೀನೂ ಸಾಯುತ್ತದೆ. ಕೊಳದ ನೀರು ಹೊರಗೆ ಹರಿದರೆ ತೋಡಿನ ಸಿಗಡಿ, ಗದ್ದೆಯ ಏಡಿಗೂ ಅದೇ ಗತಿ.

ಇಷ್ಟು ಬೆಲೆ ತೆತ್ತರೂ ಕೆಲಸ ಪೂರ್ತಿಯಾಗುವುದಿಲ್ಲ. ಕಲ್ಲಿಗೆ ಅಂಟಿದ ಹೇನಿನ ಮೊಟ್ಟೆಗಳಿಗೆ ವಿಷ ಸುಲಭವಾಗಿ ತಾಗುವುದಿಲ್ಲ. ಎರಡು ಮೂರು ವಾರದಲ್ಲಿ ಹೊಸ ಸೈನ್ಯ ಹೊರಬರುತ್ತದೆ. ಮಾಂಸದೊಳಗೆ ತಲೆ ಹುದುಗಿಸಿದ ಲೆರ್ನಿಯಾಕ್ಕೂ ಅಷ್ಟೇ, ಸಾಯುವುದು ಈಜುತ್ತಿರುವ ಮರಿಗಳು ಮಾತ್ರ. ರೈತ ಮತ್ತೆ ವಿಷ ಹಾಕುತ್ತಾನೆ, ಈ ಸಲ ಹೆಚ್ಚು ಹಾಕುತ್ತಾನೆ.

ಹಾಗಾದರೆ ಬೇರೆ ದಾರಿ ಏನು? ಹೆಣ್ಣು ಹೇನು ಗಟ್ಟಿ ವಸ್ತುಗಳ ಮೇಲೆ ಮೊಟ್ಟೆಯಿಡುತ್ತದೆ ಎಂದೆನಲ್ಲ. ಮಣ್ಣಿನ ತಳದ ಕೊಳದಲ್ಲಿ ಅಂಥ ಜಾಗ ಕಡಿಮೆ. ಅಲ್ಲಿ ಬಿದಿರಿನ ಗಳಗಳನ್ನೋ ಹಲಗೆಗಳನ್ನೋ ನೀವೇ ನೆಟ್ಟರೆ ಹೇನುಗಳು ಅವಕ್ಕೇ ಮುತ್ತುತ್ತವೆ. ವಾರಕ್ಕೊಮ್ಮೆ ಅವನ್ನು ಮೇಲೆತ್ತಿ ಚೆನ್ನಾಗಿ ಬಿಸಿಲಿಗೆ ಒಣಗಿಸಿದರೆ ಮೊಟ್ಟೆಗಳು ಸಾಯುತ್ತವೆ. ಮತ್ತೆ ನೆಡಿ. ಖರ್ಚು ಅತ್ಯಲ್ಪ, ಬೇಕಾಗುವುದು ಶ್ರದ್ಧೆ. ಗಳ ನೆಟ್ಟು ಎತ್ತುವುದನ್ನೇ ಮರೆತರೆ ಮಾತ್ರ ಹೇನಿಗೆ ಹೆರಿಗೆ ಮನೆ ಕಟ್ಟಿಕೊಟ್ಟಂತೆ. ಬೇಸಿಗೆಯಲ್ಲಿ ಮೀನು ಹಿಡಿದಾದ ಮೇಲೆ ಕೊಳವನ್ನು ತಳ ಬಿರಿಯುವಷ್ಟು ಒಣಗಿಸಿ ಸುಣ್ಣ ಹಾಕುವ ಹಳೆಯ ಪದ್ಧತಿ ಇದೆಯಲ್ಲ, ಹೇನು ಮತ್ತು ಲೆರ್ನಿಯಾ ಎರಡಕ್ಕೂ ಅದಕ್ಕಿಂತ ದೊಡ್ಡ ಔಷಧಿ ನನಗೆ ತಿಳಿದಂತೆ ಇಲ್ಲ. ಮೀನೇ ಇಲ್ಲದ, ನೀರೇ ಇಲ್ಲದ ಕೆಲವು ವಾರಗಳನ್ನು ಅವು ದಾಟಲಾರವು.

ಮರಿ ಕೊಳ್ಳುವಾಗ ಚೀಲದಿಂದ ನಾಲ್ಕಾರು ಮರಿಗಳನ್ನು ಅಂಗೈಗೆ ತೆಗೆದುಕೊಂಡು ಈಜುರೆಕ್ಕೆಯ ಬುಡ, ಕಿವಿರಿನ ಅಂಚು ನೋಡಿ. ನೋಡಿಕೊಂಡು ಕೊಳ್ಳುವುದು ಗಿರಾಕಿಯ ಹಕ್ಕು, ಸಂಕೋಚ ಬೇಡ. ಸಿಕ್ಕಷ್ಟು ಮರಿ ಬಿಟ್ಟುಬಿಡುವ ಆಸೆಯನ್ನು ತಡೆಯಿರಿ. ಮರಿಗಳ ಸಂಖ್ಯೆ ಕಡಿಮೆಯಿದ್ದರೆ ಪ್ರತಿ ಮೀನಿನ ತೂಕವೂ ಹೆಚ್ಚುತ್ತದೆ, ಹೇನಿನ ಮರಿಗೆ ಹುಡುಕಾಟವೂ ಹೆಚ್ಚುತ್ತದೆ. ತಿಂಗಳಿಗೊಮ್ಮೆ ಬಲೆ ಎಳೆದು ಮೀನು ನೋಡುವ ರೂಢಿ ಇಟ್ಟುಕೊಂಡರೆ, ಹೇನು ನಾಲ್ಕೈದು ಇರುವಾಗಲೇ ಗೊತ್ತಾಗುತ್ತದೆ, ನಲವತ್ತಾದ ಮೇಲಲ್ಲ. ಹಾವಳಿ ಕೈಮೀರಿದಾಗ ಔಷಧಿ ಬೇಕಾಗಬಹುದು, ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಕೊಳದ ಉದ್ದ, ಅಗಲ, ನೀರಿನ ಆಳ ಅಳೆದು, ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರನ್ನು ಕೇಳಿಯೇ ಹಾಕಿ. ಕಣ್ಣಂದಾಜಿನಲ್ಲಿ ಬೇಡ.

ಕೊನೆಗೆ, ಮಾರುಕಟ್ಟೆಯಲ್ಲಿ ಮೀನು ಕೊಳ್ಳುವ ತಾಯಂದಿರು ಕೇಳುವ ಪ್ರಶ್ನೆ. ಇಂಥ ಮೀನನ್ನು ತಿನ್ನಬಹುದೇ? ಆರ್ಗ್ಯುಲಸ್ ಆಗಲಿ ಲೆರ್ನಿಯಾ ಆಗಲಿ ಮನುಷ್ಯರ ಮೈಯಲ್ಲಿ ಬದುಕುವ ಜೀವಿಗಳಲ್ಲ. ಹುರುಪೆ ತೆಗೆದು ತೊಳೆಯುವಾಗ ಹೇನು ಹೋಗಿಬಿಡುತ್ತದೆ. ಲಂಗರು ಹುಳು ಇದ್ದ ಜಾಗವನ್ನು ಸ್ವಲ್ಪ ಕತ್ತರಿಸಿ ಬಿಸಾಡಿ, ಚೆನ್ನಾಗಿ ಬೇಯಿಸಿದರೆ ತೊಂದರೆಯಿಲ್ಲ. ಹುಣ್ಣಾಗಿ ಕೊಳೆಯುತ್ತಿರುವ ಮೀನನ್ನು ಮಾತ್ರ ಕೊಳ್ಳಬೇಡಿ. ಮೀನು ಸಾಕುವವರಲ್ಲೂ ಒಂದು ವಿನಂತಿ. ಕೊಳಕ್ಕೆ ಕೀಟನಾಶಕ ಹಾಕಿದ್ದರೆ, ಅದರ ಅಂಶ ಮೀನಿನ ಮೈಯಿಂದ ಹೋಗುವಷ್ಟು ದಿನ ಕಾಯದೆ ಆ ಮೀನನ್ನು ಸಂತೆಗೆ ತರಬೇಡಿ. ಎಷ್ಟು ದಿನ ಎಂಬುದು ಔಷಧಿಯಿಂದ ಔಷಧಿಗೆ ಬೇರೆ, ಹಾಕುವ ಮೊದಲೇ ಕೇಳಿ ತಿಳಿದುಕೊಳ್ಳಿ.